ಇಂಕಾ ಹಾದಿಯಲ್ಲಿ ಮಾಚು ಪಿಚುವಿಗೆ: ಅಪ್ಪನ ಜೊತೆ ನಾಲ್ಕು ದಿನ ನಡೆಯಬಹುದೇ?

ಹಾದಿಹೋಕ

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷದ ಮೇ ತಿಂಗಳಲ್ಲಿ ಪೆರು ದೇಶಕ್ಕೆ ಹೋಗಿ, ಇಂಕಾ ಹಾದಿಯಲ್ಲಿ ನಡೆದೇ ಇಂಕಾ ಜನರ ಹಳೆಯ ಕಲ್ಲಿನ ಊರಾದ ಮಾಚು ಪಿಚು ತಲುಪಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೇನೆ. ಈ ಸಲ ಅಪ್ಪನೂ ಬರುತ್ತೇನೆ ಎಂದಿದ್ದಾರೆ. ಅವರಿಗೆ ಈಗ 63 ವರ್ಷ. ಕಾಫಿ ತೋಟದಲ್ಲಿ ದಿನವೂ ಏರಿ ಇಳಿದ ಕಾಲು. ಎರಡು ವರ್ಷದ ಹಿಂದೆ ಕುಮಾರಪರ್ವತವನ್ನು ನನಗಿಂತ ಮೊದಲೇ ಹತ್ತಿ, ಮೇಲೆ ಕುಳಿತು ನನಗಾಗಿ ಕಾದಿದ್ದರು. ಆದರೆ ಇಳಿಯುವಾಗ ಬಲ ಮೊಣಕಾಲು ತಕರಾರು ಮಾಡುತ್ತದೆ. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ನುಂಗುತ್ತಾರೆ. ನಾವಿಬ್ಬರೂ ಶಾಕಾಹಾರಿಗಳು.

ಕುಮಾರಪರ್ವತದ ಎತ್ತರ 1,712 ಮೀಟರ್. ಅಲ್ಲಿನ ಹಾದಿ 4,000 ಮೀಟರ್ ದಾಟುತ್ತದೆ ಎಂದು ಓದಿದ್ದೇನೆ. ಅಪ್ಪನನ್ನು ಕರೆದೊಯ್ಯುವುದು ಸರಿಯೇ, ಅಥವಾ ರೈಲಿನಲ್ಲಿ ಹೋಗಿ ನೋಡಿ ಬರುವುದೇ ಮೇಲೇ? ನಡೆದು ಬಂದವರು ದಯವಿಟ್ಟು ತಿಳಿಸಬೇಕು.

ಕೊಡಚಾದ್ರಿ1343

ನಾನು 2019ರ ಜೂನ್‌ನಲ್ಲಿ ನಾಲ್ಕು ದಿನದ ಹಾದಿಯನ್ನು ಪೂರ್ತಿ ನಡೆದಿದ್ದೇನೆ. ನಿಮಗೆ ಉಪಯೋಗವಾಗುವಂತೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹಾದಿ ಶುರುವಾಗುವುದು ರೈಲುಮಾರ್ಗದ 82ನೇ ಕಿಲೋಮೀಟರ್ ಕಲ್ಲಿನ ಬಳಿ, ಉರುಬಂಬ ನದಿಯ ದಡದಲ್ಲಿ. ಅಲ್ಲಿಂದ ಮಾಚು ಪಿಚುವಿಗೆ ಸುಮಾರು 42 ಕಿ.ಮೀ. ದೂರವನ್ನು ನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ ಹತ್ತು ಹನ್ನೊಂದು ಕಿ.ಮೀ. ಆಗುವುದರಿಂದ ಕಾಗದದ ಮೇಲೆ ಇದೊಂದು ದೊಡ್ಡ ಸಂಗತಿಯಾಗಿ ಕಾಣುವುದಿಲ್ಲ. ನಾನೂ ಹಾಗೆಯೇ ಮೋಸಹೋದೆ. ಮೊದಲ ದಿನ ಅಡ್ಡಾಡಿದಂತಿರುತ್ತದೆ. ನದಿಯ ತಿರುವಿಗೆ ಹೊಂದಿಕೊಂಡು ಬಿಲ್ಲಿನಂತೆ ಬಾಗಿರುವ ಪಟಲ್ಯಾಕ್ಟದ ಮೆಟ್ಟಿಲುಗದ್ದೆಗಳನ್ನು ಮೇಲಿನಿಂದ ನೋಡುತ್ತ, ಸಂಜೆಗೆ ಸುಮಾರು 3,000 ಮೀಟರ್ ಎತ್ತರದ ವಾಯ್ಲಾಬಂಬ ಹಳ್ಳಿಯ ಆಸುಪಾಸಿಗೆ ತಲುಪುತ್ತೀರಿ.

ಎಲ್ಲರೂ ಹೆದರುವುದು ಎರಡನೇ ದಿನಕ್ಕೆ. ಅಂದು 4,215 ಮೀಟರ್ ಎತ್ತರದ ವಾರ್ಮಿವನ್ಯುಸ್ಕ ಎಂಬ ಪಾಸ್ (ಬೆಟ್ಟಸಾಲನ್ನು ದಾಟುವ ಕಣಿವೆದಾರಿ) ದಾಟಬೇಕು. ಅಲ್ಲಿನ ಕೆಚುವಾ ಭಾಷೆಯಲ್ಲಿ ಆ ಹೆಸರಿಗೆ ‘ಸತ್ತ ಹೆಂಗಸು’ ಎಂದರ್ಥ. ಅಲ್ಲಿ ಯಾರೂ ಸತ್ತ ಕಥೆಯಲ್ಲ ಅದು. ಕೆಳಗಿನಿಂದ ನೋಡಿದರೆ ಬೆಟ್ಟದ ಅಂಚು ಅಂಗಾತ ಮಲಗಿದ ಹೆಂಗಸಿನ ಹಾಗೆ ಕಾಣುತ್ತದೆ. ಕೊನೆಯ ಒಂದು ಗಂಟೆ ನಾನು ಇಪ್ಪತ್ತು ಹೆಜ್ಜೆ ಇಟ್ಟು ನಿಲ್ಲುವುದು, ಮತ್ತೆ ಇಪ್ಪತ್ತು ಹೆಜ್ಜೆ ಇಡುವುದು, ಹೀಗೆ ಎಣಿಸಿಕೊಂಡೇ ಹತ್ತಿದೆ. ಆದರೂ ಹತ್ತುವುದು ನಿಧಾನದ ಪ್ರಶ್ನೆ ಅಷ್ಟೇ. ತೋಟದಲ್ಲಿ ದುಡಿದ ನಿಮ್ಮ ತಂದೆ ಹತ್ತಿಯೇ ಹತ್ತುತ್ತಾರೆ.

ನನಗಿರುವ ಅಳುಕು ಇಳಿಜಾರಿನದು. ಪಾಸ್ ದಾಟಿದ ಕೂಡಲೇ ಪಕಾಯ್‌ಮಾಯು ಬಿಡಾರದವರೆಗೆ 600 ಮೀಟರ್‌ನಷ್ಟು ಕಲ್ಲಿನ ಮೆಟ್ಟಿಲಿನಲ್ಲೇ ಇಳಿಯಬೇಕು. ಮೂರನೇ ದಿನ ಇನ್ನೂ ಒಂದು ಪಾಸ್ ದಾಟಿ, ಪುಯುಪಟಮಾರ್ಕದಿಂದ ವಿನ್ಯಾಯ್ ವಾಯ್ನದವರೆಗೆ (ಎರಡೂ ದಾರಿಯಲ್ಲಿ ಸಿಗುವ ಇಂಕಾ ಪಾಳೂರುಗಳು) ಸುಮಾರು 1,000 ಮೀಟರ್ ಇಳಿಕೆ. ಆ ಮೆಟ್ಟಿಲುಗಳು ನಮ್ಮ ದೇವಸ್ಥಾನದ ಮೆಟ್ಟಿಲುಗಳಂತೆ ಒಂದೇ ಅಳತೆಯವಲ್ಲ. ಒಂದು ಗೇಣುದ್ದ ಎತ್ತರವಿದ್ದರೆ ಮುಂದಿನದು ಮೊಣಕಾಲುದ್ದ, ಪಾಚಿ ಹಿಡಿದಿರುತ್ತದೆ, ಮೋಡದ ಕಾಡಾದ್ದರಿಂದ ಮಳೆ ಬಾರದ ದಿನವೂ ಕಲ್ಲು ಒದ್ದೆ. ಮೊಣಕಾಲಿನ ತಕರಾರೇ ಇಲ್ಲದ ನಾನು ಅಂದು ಸಂಜೆ ಡೇರೆಯೊಳಗೆ ಚಕ್ಕಂಬಕ್ಕಳ ಹಾಕಿ ಕೂರಲಾಗದೆ ಕಾಲು ನೀಡಿಕೊಂಡೇ ಊಟ ಮಾಡಿದೆ.

ಊಟದ ಚಿಂತೆ ಬೇಡ. ಮೊದಲೇ ಹೇಳಿದರೆ ಅಡುಗೆಯವರು ಕಿನೋವಾ ಸೂಪು, ಅನ್ನ, ಬಗೆಬಗೆಯ ಆಲೂಗಡ್ಡೆ, ಜೋಳ ಎಲ್ಲ ಮಾಡಿಕೊಡುತ್ತಾರೆ. ಆಲೂಗಡ್ಡೆಯ ತವರೇ ಆಂಡಿಸ್ ಪರ್ವತ. ಒಂದು ಡಬ್ಬಿ ಚಟ್ನಿಪುಡಿ ಜೊತೆಗಿರಲಿ.

ರೈಲುಪ್ರಿಯ

ಹಿಂದಿನವರ ಅನುಭವಕ್ಕೆ ಗೌರವ ಕೊಟ್ಟೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ನಾನು ಮತ್ತು ನನ್ನ ಪತ್ನಿ ಒಯಾಂಟಾಯ್‌ಟಾಂಬೊದಿಂದ ರೈಲಿನಲ್ಲಿ ಮಾಚು ಪಿಚುವಿನ ಬುಡದಲ್ಲಿರುವ ಆಗ್ವಾಸ್ ಕಲಿಯೆಂತೆಸ್ ಊರಿಗೆ ಹೋಗಿ, ರಾತ್ರಿ ಅಲ್ಲಿ ತಂಗಿ, ಬೆಳಗಿನ ಬಸ್ಸಿನಲ್ಲಿ ಮೇಲೆ ಹತ್ತಿದೆವು. ಇಡೀ ಬೆಳಿಗ್ಗೆ ದಣಿವಿಲ್ಲದೆ ಒಂದೊಂದು ಗೋಡೆಯನ್ನೂ ನೋಡಿದೆವು. ಅದೇ ಹೊತ್ತಿಗೆ ನಾಲ್ಕು ದಿನ ನಡೆದು ಬಂದವರು ಒಂದು ಕಟ್ಟೆಯ ಮೇಲೆ ಸಾಲಾಗಿ ಕುಳಿತು, ಬೂಟು ಬಿಚ್ಚಿ ಗುಳ್ಳೆಗಳಿಗೆ ಪಟ್ಟಿ ಅಂಟಿಸಿಕೊಳ್ಳುತ್ತಿದ್ದರು. ನೋಡಲು ಬಂದದ್ದು ಊರನ್ನು. ನೋಡುವ ಹೊತ್ತಿಗೆ ಕಣ್ಣು ಎಳೆಯುವಂತಾದರೆ ಏನು ಬಂತು? 63ರ ವಯಸ್ಸಿನವರನ್ನು ಹಟಕ್ಕೆ ನಡೆಸುವುದು ಸಲ್ಲ ಎಂಬುದು ನನ್ನ ಅಭಿಪ್ರಾಯ.

ಕಲ್ಲುಕಟ್ಟಡ

‘ನೋಡಲು ಬಂದದ್ದು ಊರನ್ನು’ ಎಂಬ ಮಾತನ್ನು ನಾನು ಒಪ್ಪಲಾರೆ. ನಾನು ಸಿವಿಲ್ ಎಂಜಿನಿಯರ್. ರಸ್ತೆ ಕಟ್ಟುವುದೇ ನನ್ನ ಕಸುಬು. ಆ ಹಾದಿ ಒಂದು ಊರಿಗೆ ಹೋಗುವ ದಾರಿಯಷ್ಟೇ ಅಲ್ಲ, ಅದೇ ಒಂದು ಸ್ಮಾರಕ.

ಇಂಕಾ ಸಾಮ್ರಾಜ್ಯದ ಹೆದ್ದಾರಿಗಳ ಜಾಲವನ್ನು ಕಾಪಾಕ್ ಞಾನ್ ಎನ್ನುತ್ತಾರೆ. ಇಂದಿನ ಪೆರು, ಬೊಲಿವಿಯಾ, ಎಕ್ವಡಾರ್, ಕೊಲಂಬಿಯಾ, ಚಿಲಿ, ಅರ್ಜೆಂಟೀನಾ, ಹೀಗೆ ಆರು ದೇಶಗಳಲ್ಲಿ ಸುಮಾರು 30,000 ಕಿ.ಮೀ. ಹಬ್ಬಿದ್ದ ಈ ಜಾಲವನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಾಗಣೆಗೆ ಗಾಲಿಯನ್ನು ಬಳಸದ, ಕುದುರೆಯನ್ನೇ ಕಂಡಿರದ ಜನ ಕಟ್ಟಿದ ರಸ್ತೆ ಅದು. ನಡೆಯುವ ಮನುಷ್ಯ ಮತ್ತು ಹೊರೆ ಹೊರುವ ಲಾಮಾ ಎಂಬ ಒಂಟೆಜಾತಿಯ ಪ್ರಾಣಿ, ಇಬ್ಬರಿಗಷ್ಟೇ ಹೊಂದುವಂತೆ ಕಟ್ಟಿದ್ದರಿಂದ ಕಡಿದಾದ ಕಡೆ ಸುತ್ತಿ ಬಳಸದೆ ನೇರವಾಗಿ ಮೆಟ್ಟಿಲು ಹಾಕಿಬಿಟ್ಟಿದ್ದಾರೆ. ಕೊಡಚಾದ್ರಿಯವರ ಕಾಲುನೋವಿಗೆ ಕಾರಣ ಅದೇ. ಚಾಸ್ಕಿಗಳೆಂಬ ಓಟಗಾರರು ಒಬ್ಬರಿಂದೊಬ್ಬರಿಗೆ ಸುದ್ದಿ ದಾಟಿಸುತ್ತ ಇಂಥ ರಸ್ತೆಗಳಲ್ಲೇ ಓಡುತ್ತಿದ್ದರು.

ಇನ್ನೊಂದು ಮಾತು. ರೈಲು ಹೋಗುವುದು ಕಣಿವೆಯ ತಳದಲ್ಲಿ, ನದಿಯ ಪಕ್ಕದಲ್ಲೇ. ಇಂಕಾ ಹಾದಿಯೋ ಕಣಿವೆಯನ್ನು ಬಿಟ್ಟು, ಎತ್ತರದ ಪಾಸ್‌ಗಳನ್ನು ಏರಿ, ಮೋಡದೊಳಗೆ ಸುತ್ತಿ, ಊರಿನ ತಲೆಯ ಮೇಲಿರುವ ಇಂತಿ ಪುಂಕು ಎಂಬ ಸೂರ್ಯದ್ವಾರಕ್ಕೆ ಬಂದು ಸೇರುತ್ತದೆ. ಬೇಗ ತಲುಪುವುದಷ್ಟೇ ಉದ್ದೇಶವಾಗಿದ್ದರೆ ಇಷ್ಟು ಕಷ್ಟಪಟ್ಟು ಯಾರೂ ಅಲ್ಲಿ ಕಲ್ಲು ಹಾಸುತ್ತಿರಲಿಲ್ಲ. ಬೆಟ್ಟಗಳನ್ನು ‘ಆಪು’ ಎಂದು ಪೂಜಿಸುವ ಆ ಜನರಿಗೆ, ಸಲ್ಕಾಂಟಾಯ್‌ನಂಥ ಹಿಮಶಿಖರಗಳ ಎದುರು ನಡೆದು ಬರುವುದೂ ಯಾತ್ರೆಯ ಒಂದು ಅಂಗವಾಗಿತ್ತು ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಬೆಟ್ಟ ಹತ್ತಿ ದೇವರನ್ನು ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಡದ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಗೋಡೆ ನೋಡಿ ಬೆರಗಾಗುವವರು ನೆಲದಡಿಯದನ್ನು ಮರೆಯುತ್ತಾರೆ. ಮಾಚು ಪಿಚುವಿನಲ್ಲಿ ವರ್ಷಕ್ಕೆ ಸುಮಾರು 1,950 ಮಿ.ಮೀ. ಮಳೆ. ಆಗುಂಬೆಯವರು ನಗಬಹುದು, ಆದರೆ ಎರಡು ಶಿಖರಗಳ ನಡುವಿನ ಕಿರಿದಾದ ದಿಣ್ಣೆಯ ಮೇಲೆ ಅಷ್ಟು ನೀರು ಸುರಿದರೆ ಊರೇ ಜಾರಿಹೋಗಬೇಕಿತ್ತು. ಮೆಟ್ಟಿಲುಗದ್ದೆಗಳ ಒಳಗೆ ಕೆಳಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮರಳು, ಕೊನೆಗೆ ಹೊರಗಿನಿಂದ ಹೊತ್ತು ತಂದ ಮೇಲ್ಮಣ್ಣು, ಹೀಗೆ ಪದರ ಪದರವಾಗಿ ತುಂಬಿದ್ದಾರೆ. ನೀರು ನಿಲ್ಲದೆ ಬಸಿದು ಹೋಗುತ್ತದೆ. ಅಲ್ಲಿನ ಜಲವ್ಯವಸ್ಥೆಯನ್ನು ಅಳೆದ ಎಂಜಿನಿಯರ್ ಕೆನೆತ್ ರೈಟ್ ಅವರ ಅಂದಾಜಿನಂತೆ ಒಟ್ಟು ಕಟ್ಟಡ ಕೆಲಸದ ಶೇ 60ರಷ್ಟು ನೆಲದಡಿಯೇ ಹುದುಗಿದೆ. ಬೆಟ್ಟದ ಒರತೆಯಿಂದ 749 ಮೀಟರ್ ಉದ್ದದ ಕಾಲುವೆಯೊಂದು ಊರಿಗೆ ನೀರು ತಂದು, ಒಂದರ ಕೆಳಗೊಂದಿರುವ 16 ದೋಣಿಗಳಿಗೆ (ನೀರು ಬೀಳುವ ಕಲ್ಲಿನ ತೊಟ್ಟಿಗಳಿಗೆ) ಹರಿಸುತ್ತಿತ್ತು. ಬಸ್ಸಿನಲ್ಲಿ ಬಂದವರೂ ಇದನ್ನೆಲ್ಲ ನೋಡಬಹುದು, ನಿಜ. ಆದರೆ ಇದೇ ಜಾಣ್ಮೆ ದಾರಿಯುದ್ದಕ್ಕೂ ಪಾದದಡಿ ಹಾದುಹೋಗುವುದು ನಡೆದವರಿಗೆ ಮಾತ್ರ ಗೊತ್ತಾಗುತ್ತದೆ.

ರೈಲುಪ್ರಿಯ

ಎಂಜಿನಿಯರ್ ಸಾಹೇಬರು ಹೇಳಿದ್ದನ್ನು ಓದಿದ ಮೇಲೆ ನನ್ನ ವಾದ ಅರ್ಧ ಸಡಿಲವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಉಳಿದರ್ಧ ಮೊಣಕಾಲಿನ ಕಡೆಗಿದೆ, ಅದನ್ನು ಬಿಟ್ಟುಕೊಡುವುದಿಲ್ಲ.

ಸ್ಟೆತೊಸ್ಕೋಪು

ನಾನು ವೈದ್ಯೆ. ನಿಮ್ಮ ತಂದೆಯವರನ್ನು ಪರೀಕ್ಷಿಸದೆ ಔಷಧಿ ಹೇಳುವುದು ನನ್ನ ಕೆಲಸವಲ್ಲ; ಆದರೂ ಕೆಲವು ಮಾತುಗಳು ಎಲ್ಲರಿಗೂ ಅನ್ವಯಿಸುತ್ತವೆ.

ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಗಟ್ಟಿಮುಟ್ಟಾದವರಿಗೆ ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಕುಮಾರಪರ್ವತವನ್ನು ಓಡಿ ಹತ್ತಿದವರಿಗೂ ಬರಬಹುದು. ಬೇಗ ಬೇಗ ಹತ್ತುವ ಹುರುಪಿನ ಹುಡುಗರನ್ನೇ ಅದು ಹೆಚ್ಚಾಗಿ ಹಿಡಿಯುತ್ತದೆ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಲಕ್ಷಣಗಳು. ನಡಿಗೆ ತೂರಾಡಿದರೆ, ಕುಳಿತಲ್ಲೇ ಏದುಸಿರು ಬಂದರೆ, ಮಾತು ತೊದಲಿದರೆ ರಾತ್ರಿಯೋ ಹಗಲೋ ನೋಡದೆ ಕೆಳಗಿಳಿಸಬೇಕು. ಬೇರೆ ಮದ್ದಿಗಾಗಿ ಕಾಯುತ್ತ ಕೂರಬಾರದು.

ಕುಸ್ಕೊ ನಗರವೇ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಸಮುದ್ರ ಮಟ್ಟದ ರಾಜಧಾನಿ ಲಿಮಾದಿಂದ ವಿಮಾನ ಏರಿದರೆ ಒಂದೂವರೆ ಗಂಟೆಯೊಳಗೆ ಅಲ್ಲಿರುತ್ತೀರಿ. ಆದ್ದರಿಂದ ಕುಸ್ಕೊದಲ್ಲಿ ಇಳಿದ ದಿನವೇ ಅಲ್ಲಿ ಉಳಿಯದೆ, 2,800 ಮೀಟರ್ ಆಸುಪಾಸಿನಲ್ಲಿರುವ ಒಯಾಂಟಾಯ್‌ಟಾಂಬೊಗೆ ಹೋಗಿ ಎರಡು ಮೂರು ದಿನ ಒಗ್ಗಿಕೊಂಡರೆ ದೇಹಕ್ಕೆ ಸುಲಭ. ಅಸೆಟಜೋಲಮೈಡ್ ಮಾತ್ರೆಯನ್ನು ಹಲವರು ಮುಂಜಾಗ್ರತೆಯಾಗಿ ನುಂಗುತ್ತಾರೆ. ಅದು ಮೂತ್ರ ಹೆಚ್ಚಿಸುವ ಗುಣದ್ದು, ಸಲ್ಫಾ ಒಗ್ಗದವರು ಎಚ್ಚರ ವಹಿಸಬೇಕು. ರಕ್ತದೊತ್ತಡದ ಮಾತ್ರೆಯೂ ಅದೇ ಬಗೆಯದಾಗಿದ್ದರೆ ಎರಡೂ ಸೇರಿ ತೊಂದರೆಯಾದೀತು. ನಿಮ್ಮ ವೈದ್ಯರಿಗೆ ಎರಡೂ ಚೀಟಿ ತೋರಿಸಿ ಕೇಳಿ.

ಅಲ್ಲಿ ಎಲ್ಲೆಡೆ ಕೋಕಾ ಎಲೆಯ ಕಷಾಯ ಕೊಡುತ್ತಾರೆ. ಪೆರುವಿನಲ್ಲಿ ಅದು ಕಾನೂನುಬದ್ಧ, ಕುಡಿಯಬಹುದು. ಆದರೆ ‘ಊರಿಗೊಂದಿಷ್ಟು’ ಎಂದು ಚೀಲಕ್ಕೆ ಹಾಕಿಕೊಳ್ಳಬೇಡಿ. ಭಾರತದ 1985ರ ಮಾದಕ ವಸ್ತುಗಳ ಕಾಯ್ದೆಯಲ್ಲಿ ಕೋಕಾ ಎಲೆಯೂ ಸೇರಿದೆ. ಹಳದಿ ಜ್ವರದ ಲಸಿಕೆಯನ್ನೂ ಮರೆಯಬೇಡಿ. ಪೆರು ಆ ಜ್ವರವಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ, ಅಲ್ಲಿಂದ ಆರು ದಿನದೊಳಗೆ ಭಾರತಕ್ಕೆ ಬಂದಿಳಿಯುವವರ ಬಳಿ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಹೊರಡುವ ಹತ್ತು ದಿನ ಮುಂಚೆಯಾದರೂ ಚುಚ್ಚಿಸಿಕೊಂಡಿರಬೇಕು.

ಸಂಪಿಗೆಮರ

ನನ್ನದೊಂದು ಪ್ರಶ್ನೆ ಇದೆ, ಯಾರೂ ತಪ್ಪು ತಿಳಿಯಬಾರದು. ನಮ್ಮ ಡೇರೆ, ಅಡುಗೆಯ ಗ್ಯಾಸು, ಕುರ್ಚಿ, ಮೇಜುಗಳನ್ನೆಲ್ಲ ಅಲ್ಲಿನ ಬಡ ರೈತರ ಬೆನ್ನಿಗೇರಿಸಿ, ನಾವು ನೀರಿನ ಬಾಟಲಿಯೊಂದನ್ನೇ ಹಿಡಿದು ನಡೆಯುವುದು ಹೇಗೆ ಮನಸ್ಸಿಗೆ ಒಪ್ಪುತ್ತದೆ?

ಕೊಡಚಾದ್ರಿ1343

ಒಪ್ಪುವುದಿಲ್ಲ, ಮೊದಲ ದಿನವಂತೂ ನನಗೆ ತಲೆಯೆತ್ತಿ ನೋಡಲಾಗಲಿಲ್ಲ. ನಾವು ಏದುಸಿರು ಬಿಡುತ್ತಿದ್ದ ಜಾಗದಲ್ಲಿ ಅವರು ಟೈರಿನಿಂದ ಮಾಡಿದ ಚಪ್ಪಲಿ ಹಾಕಿಕೊಂಡು, ಹೊರೆಯನ್ನು ಬೆನ್ನಿಗೆ ಕಟ್ಟಿಕೊಂಡು ಸರಸರನೆ ದಾಟಿಹೋಗುತ್ತಿದ್ದರು. ನಾವು ತಲುಪುವಷ್ಟರಲ್ಲಿ ಡೇರೆ ಎದ್ದಿರುತ್ತಿತ್ತು, ಬಿಸಿನೀರಿನ ಬೋಗುಣಿ ಬಾಗಿಲಲ್ಲಿರುತ್ತಿತ್ತು.

ಹಿಂದೆ ಹೊರೆಗೆ ಮಿತಿಯೇ ಇರಲಿಲ್ಲವಂತೆ. 2001ರಲ್ಲಿ ಪೆರು ಸರ್ಕಾರ ಪೋರ್ಟರುಗಳಿಗಾಗಿಯೇ ಕಾನೂನು ಮಾಡಿ, ಹೊರುವ ಸಾಮಾನು 20 ಕೆ.ಜಿ. ಮೀರಬಾರದೆಂದು ನಿಗದಿಮಾಡಿತು. 82ನೇ ಕಿಲೋಮೀಟರಿನ ಗೇಟಿನಲ್ಲಿ ತಕ್ಕಡಿ ಇಟ್ಟಿರುತ್ತಾರೆ. ಒಬ್ಬೊಬ್ಬರ ಹೊರೆಯನ್ನೂ ತೂಗಿ ಬಿಡುವುದನ್ನು ನಾನೇ ನೋಡಿದೆ. ಒಬ್ಬ ಮಧ್ಯವಯಸ್ಕನ ಮೂಟೆಯ ಮುಳ್ಳು ಮಿತಿ ದಾಟಿದಾಗ, ಅಲ್ಲೇ ಬಿಚ್ಚಿ ಒಂದು ಮೊಟ್ಟೆಯ ತಟ್ಟೆಯನ್ನು ತೆಗೆದು ಇನ್ನೊಬ್ಬನ ಹೊರೆಗೆ ಸೇರಿಸಿದರು. ಕಾನೂನು ಎಲ್ಲ ಕಡೆ ಪಾಲನೆಯಾಗುತ್ತದೆ ಎಂದು ನಾನು ಹೇಳಲಾರೆ. ಕಂಪನಿ ಆರಿಸುವಾಗ ದರ ಕೇಳುವುದಕ್ಕಿಂತ ಮೊದಲು ಮೂರು ಪ್ರಶ್ನೆ ಕೇಳಿ: ಪೋರ್ಟರುಗಳ ದಿನಗೂಲಿ ಎಷ್ಟು, ಅವರು ರಾತ್ರಿ ಎಲ್ಲಿ ಮಲಗುತ್ತಾರೆ, ಮಳೆಯಂಗಿ ಮತ್ತು ಬೂಟನ್ನು ಯಾರು ಕೊಡುತ್ತಾರೆ. ಉತ್ತರಿಸದೆ ಮಾತು ತಿರುಗಿಸಿದರೆ ಅಲ್ಲಿಗೇ ಕೈಬಿಡಿ. ಅಗ್ಗದ ಚಾರಣದಲ್ಲಿ ಉಳಿಯುವ ಹಣ ಯಾರ ಹೊಟ್ಟೆಯಿಂದ ಉಳಿದದ್ದು ಎಂಬುದು ಎರಡನೇ ದಿನದ ಚಳಿಯಲ್ಲಿ ಕಣ್ಣೆದುರಿಗೇ ಕಾಣುತ್ತದೆ. ಅಂದಹಾಗೆ, ಒಂಟಿಯಾಗಿ ಹೋಗುವಂತೆಯೇ ಇಲ್ಲ. ಪರವಾನಗಿಯಿರುವ ಸಂಸ್ಥೆಯ ಮಾರ್ಗದರ್ಶಕರೊಂದಿಗೇ ಹೋಗಬೇಕು.

ಎರಡುಪಾಸ್‌ಪೋರ್ಟು

ಪರವಾನಗಿಯ ಮಾತು ಬಂದದ್ದರಿಂದ ನನ್ನ ಪಾಡು ಹೇಳುತ್ತೇನೆ. ದಿನಕ್ಕೆ 500 ಜನರಿಗಷ್ಟೇ ಪ್ರವೇಶ; ಅದರಲ್ಲಿ ಮಾರ್ಗದರ್ಶಕರು, ಅಡುಗೆಯವರು, ಪೋರ್ಟರುಗಳೂ ಸೇರುವುದರಿಂದ ಪ್ರವಾಸಿಗರಿಗೆ ಉಳಿಯುವುದು 200ರಷ್ಟು ಮಾತ್ರ. ಮೇ, ಜೂನ್ ತಿಂಗಳ ಜಾಗ ಹಲವು ತಿಂಗಳ ಮೊದಲೇ ಖಾಲಿಯಾಗುತ್ತದೆ. ಪಾಸ್‌ಪೋರ್ಟಿನ ಸಂಖ್ಯೆಗೇ ಪರವಾನಗಿ ಕೊಡುತ್ತಾರೆ, ಹೆಸರು ಬದಲಾಯಿಸುವಂತಿಲ್ಲ.

ನಾನು ಬುಕ್ ಮಾಡಿದ ಮೇಲೆ ಪಾಸ್‌ಪೋರ್ಟ್ ನವೀಕರಿಸಿಕೊಂಡೆ, ಸಂಖ್ಯೆ ಬದಲಾಯಿತು. ಕಂಪನಿಗೆ ಇಮೇಲ್ ಬರೆದೆ. ‘ಪರವಾಗಿಲ್ಲ, ನೋಡಿಕೊಳ್ಳುತ್ತೇವೆ’ ಎಂದರು. ಯಾರೂ ನೋಡಿಕೊಂಡಿರಲಿಲ್ಲ. ಗೇಟಿನಲ್ಲಿ ಅಧಿಕಾರಿ ಹೊಸ ಪಾಸ್‌ಪೋರ್ಟನ್ನೂ ಪಟ್ಟಿಯನ್ನೂ ನೋಡಿ ತಲೆಯಾಡಿಸಿದಾಗ ನನ್ನ ಜೀವ ಬಾಯಿಗೆ ಬಂತು. ಹಳೆಯ ಪಾಸ್‌ಪೋರ್ಟನ್ನು ಹೇಗೋ ಚೀಲದ ತಳಕ್ಕೆ ತುರುಕಿಕೊಂಡು ಬಂದಿದ್ದೆ, ಅದು ಉಳಿಸಿತು. ನಿಮ್ಮ ತಂದೆಯವರ ಪಾಸ್‌ಪೋರ್ಟ್ ಅವಧಿಯನ್ನು ಇವತ್ತೇ ತೆಗೆದು ನೋಡಿ. ಫೆಬ್ರುವರಿಯಲ್ಲಿ ಇಡೀ ಹಾದಿಯನ್ನು ದುರಸ್ತಿಗಾಗಿ ಮುಚ್ಚುತ್ತಾರೆ ಎಂಬುದನ್ನೂ ಉಳಿದ ಓದುಗರು ಗಮನಿಸಲಿ.

ಸಂಪಿಗೆಮರ

ದಿನಕ್ಕೆ 500 ಎಂಬ ಮಿತಿ ಓದಿ ಹೊಟ್ಟೆಕಿಚ್ಚಾಯಿತು. 2024ರ ಜನವರಿಯಲ್ಲಿ ಕುಮಾರಪರ್ವತದ ಬುಡದಲ್ಲಿ ನೆರೆದಿದ್ದ ಚಾರಣಿಗರ ಜಾತ್ರೆಯ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಆಮೇಲೆ ತಾನೇ ನಮ್ಮಲ್ಲೂ ಆನ್‌ಲೈನ್ ಟಿಕೆಟ್ಟಿನ ಮಾತು ಗಟ್ಟಿಯಾದದ್ದು.

ಮೋಡದೂರು

ಪರವಾನಗಿ ಸಿಗದಿದ್ದರೆ ಚೋಕೆಕಿರಾವ್ ಇದೆ. ನಾನು ಹೋಗಿದ್ದೆ. ಅದೂ ಇಂಕಾ ಊರೇ, ಅಪುರಿಮಾಕ್ ನದಿಯ ಕಮರಿಯ ಮೇಲೆ ಸುಮಾರು 3,000 ಮೀಟರ್ ಎತ್ತರದಲ್ಲಿದೆ. ಬಿಳಿಯ ಕಲ್ಲಿನಲ್ಲಿ ಲಾಮಾಗಳ ಚಿತ್ರ ಜೋಡಿಸಿದ ಮೆಟ್ಟಿಲುಗದ್ದೆಗಳು ಅಲ್ಲಿನ ವಿಶೇಷ. ರೈಲಿಲ್ಲ, ಬಸ್ಸಿಲ್ಲ, ನಾನು ಹೋದ ದಿನ ಇಡೀ ಊರಿನಲ್ಲಿ ಹತ್ತು ಹನ್ನೆರಡು ಜನರಿದ್ದೆವು. ಆದರೆ ಅಪ್ಪನವರಿಗೆ ಅದನ್ನು ಹೇಳಲಾರೆ. ಕಮರಿಯ ಅಂಚಿನಿಂದ ನದಿಯವರೆಗೆ 1,400 ಮೀಟರ್‌ನಷ್ಟು ಇಳಿದು, ಆಚೆ ಅಷ್ಟೇ ಹತ್ತಬೇಕು. ಬಂದ ದಾರಿಯಲ್ಲೇ ಮರಳುವಾಗ ಮತ್ತೆ ಅದೇ ಕಥೆ. ಸಲ್ಕಾಂಟಾಯ್ ಹಾದಿಗೂ ಇಂಥ ಪರವಾನಗಿಯ ಮಿತಿಯಿಲ್ಲ, ಅದರ ಪಾಸ್ ಮಾತ್ರ 4,600 ಮೀಟರ್ ದಾಟುತ್ತದೆ.

ಹಾದಿಹೋಕರೇ, ಯಾರೂ ಇಲ್ಲಿಯವರೆಗೆ ಹೇಳದ ಒಂದು ದಾರಿಯಿದೆ. ಅದೇ ರೈಲುಮಾರ್ಗದ 104ನೇ ಕಿಲೋಮೀಟರಿನಲ್ಲಿ ಇಳಿದು ನಡೆಯುವುದು. ಇದೂ ಇಂಕಾ ಹಾದಿಗೇ ಸೇರುತ್ತದೆ, ಇದಕ್ಕೂ ಪರವಾನಗಿ ಬೇಕು. ಸುಮಾರು 2,100 ಮೀಟರಿನಿಂದ ಹತ್ತುತ್ತ 2,650 ಮೀಟರಿನ ವಿನ್ಯಾಯ್ ವಾಯ್ನ ತಲುಪಿ, ಅಲ್ಲಿಂದ ಇಂತಿ ಪುಂಕು ದಾಟಿ ಸಂಜೆಗೆ ಮಾಚು ಪಿಚು ಕಾಣುತ್ತೀರಿ. ಸುಮಾರು 12 ಕಿ.ಮೀ. ಡೇರೆಯಿಲ್ಲ, ರಾತ್ರಿ ಕೆಳಗಿನ ಊರಿನ ಹೋಟೆಲಿನಲ್ಲಿ ಮಲಗಿ, ಮರುದಿನ ಬಸ್ಸಿನಲ್ಲಿ ಮೇಲೆ ಬಂದು ರೈಲುಪ್ರಿಯರ ಹಾಗೆ ನಿಧಾನವಾಗಿ ನೋಡಬಹುದು. ಮುಖ್ಯವಾದ ಮಾತು: ದಾರಿಯ ಬಹುಪಾಲು ಏರು. ಸೂರ್ಯದ್ವಾರದಿಂದ ಊರಿನವರೆಗಿನ 300 ಮೀಟರ್‌ನಷ್ಟೇ ದೊಡ್ಡ ಇಳಿಕೆ.

ಕೊಡಚಾದ್ರಿ1343

ಇದು ನನಗೆ ಹೊಳೆಯಲೇ ಇಲ್ಲ; ನಾಲ್ಕು ದಿನ ನಡೆದ ಜಂಬ ಇರಬೇಕು. ಮೋಡದೂರು ಅವರ ಸಲಹೆಯೇ ಸರಿ. ಪಾಸ್‌ಗಳು, ಸಾಯಕ್‌ಮಾರ್ಕ ಎಂಬ ಪಾಳೂರಿನ ಕಡಿದಾದ ಮೆಟ್ಟಿಲು, ಬಂಡೆ ಕೊರೆದ ಸುರಂಗ ತಪ್ಪಿಹೋಗುತ್ತವೆ, ನಿಜ. ಆದರೆ ಇಡೀ ಹಾದಿಯಲ್ಲಿ ಒಂದೇ ಒಂದು ಜಾಗ ಉಳಿಸಿಕೊಳ್ಳಿ ಎಂದರೆ ನಾನು ವಿನ್ಯಾಯ್ ವಾಯ್ನವನ್ನೇ ಉಳಿಸಿಕೊಳ್ಳುತ್ತೇನೆ. ಬೆಟ್ಟದ ಮೈಯನ್ನು ಬಳಸಿ ಒಳಬಾಗಿದ ಗದ್ದೆಗಳ ಸಾಲು, ಮೇಲಿನ ಮನೆಗಳಿಂದ ಕೆಳಗಿನ ಮನೆಗಳವರೆಗೆ ಮೆಟ್ಟಿಲಿನ ಪಕ್ಕದಲ್ಲೇ ಒಂದರಿಂದೊಂದಕ್ಕೆ ನೀರು ಇಳಿಯುವ ದೋಣಿಗಳು, ಎದುರಿನ ಕಣಿವೆಯಲ್ಲಿ ಜಲಪಾತದ ಸದ್ದು. ಹೆಸರಿನ ಅರ್ಥ ‘ಎಂದೆಂದೂ ಎಳೆಯದು’. ಅದೇ ಹೆಸರಿನ ಸೀತಾಳೆ ಹೂವೂ ಅಲ್ಲಿ ಬಿಡುತ್ತದೆ.

ಹಾದಿಹೋಕ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಇಷ್ಟನ್ನೂ ಅಪ್ಪನಿಗೆ ಓದಿ ಹೇಳಿದೆ. ನಾಲ್ಕು ದಿನದ ಹಾದಿ ಬಿಡುವುದಕ್ಕೆ ಮೊದಲು ಸ್ವಲ್ಪ ಮುಖ ಸಣ್ಣ ಮಾಡಿಕೊಂಡರು. ಆಮೇಲೆ ಮೆಟ್ಟಿಲುಗದ್ದೆಯೊಳಗೆ ಜಲ್ಲಿ, ಮರಳು, ಮೇಲ್ಮಣ್ಣು ತುಂಬಿದ ಭಾಗವನ್ನು ಎರಡನೇ ಸಲ ಓದಿಸಿದರು. ನಮ್ಮ ತೋಟದ ಕೆಳಗಿನ ಏರಿ ಪ್ರತಿ ಮಳೆಗಾಲ ಕುಸಿಯುತ್ತದೆ. ಅದರ ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ. ಕೊನೆಗೆ ‘104ನೇ ಕಲ್ಲಿನಲ್ಲೇ ಇಳಿಯೋಣ, ಆದರೆ ಆ ಗದ್ದೆಯ ಹತ್ತಿರ ನನ್ನನ್ನು ಅವಸರ ಮಾಡಬೇಡ’ ಎಂದರು. ಪಾಸ್‌ಪೋರ್ಟ್ ತೆಗೆದು ನೋಡಿದೆವು; ಅವರದು ಡಿಸೆಂಬರಿಗೆ ಮುಗಿಯುತ್ತದೆ. ಮೊದಲು ಅದನ್ನು ನವೀಕರಿಸಿ, ಆಮೇಲೆ ಬುಕ್ ಮಾಡುತ್ತೇನೆ.

ಊರುಗೋಲು ಇಲ್ಲಿಂದಲೇ ತೆಗೆದುಕೊಂಡು ಹೋಗಬೇಕೇ?

ಮೋಡದೂರು

ಇಲ್ಲಿಂದಲೇ ತೆಗೆದುಕೊಂಡು ಹೋಗಿ. ಕೈಗೆ ಪಳಗಿದ್ದಾದರೆ ಒಳ್ಳೆಯದು. ತುದಿಗೆ ರಬ್ಬರಿನ ಟೊಪ್ಪಿಗೆ ಇರಲೇಬೇಕು, ಬರಿಯ ಕಬ್ಬಿಣದ ಮೊನೆ ಇಂಕಾ ಕಲ್ಲನ್ನು ಕೊರೆಯುತ್ತದೆಂದು ಬಿಡುವುದಿಲ್ಲ. ಎರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ, ಕಲ್ಲಿನ ಸಂದಿಯಲ್ಲಿ ಸಿಕ್ಕಿ ಕಳಚಿಹೋಗುತ್ತವೆ. ವಿಮಾನದಲ್ಲಿ ಕೈಚೀಲದಲ್ಲಿ ಇಡಬೇಡಿ, ಲಗೇಜಿಗೆ ಹಾಕಿ. 104ರಲ್ಲಿ ನಿಲ್ದಾಣ ಎಂಬುದಿಲ್ಲ, ರೈಲು ಹಳಿಯ ಪಕ್ಕದಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಪ್ಪನವರನ್ನು ಮುಂಚೆಯೇ ಬಾಗಿಲ ಹತ್ತಿರ ಕೂರಿಸಿ.